ಗಲ್ಲಿಯ ಬಾಯಲ್ಲೇ ನಿಂತುಬಿಡುವ ಗಡಿಯಾರ

ಭಾಂಡುಪ್ ಪಶ್ಚಿಮದ ಗುಡ್ಡದ ಚಾಳುಗಳಲ್ಲಿ ರಾತ್ರಿ ಯಾರಿಗಾದರೂ ಎದೆನೋವು ಬಂತೆಂದರೆ ಮನೆಯವರು ಮೊದಲು ಹುಡುಕುವುದು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು. ಕೈ ಇರಬೇಕು, ಕಾಲು ಗಟ್ಟಿಯಿರಬೇಕು. ಅಲ್ಲಿನ ಮೆಟ್ಟಿಲುಗಳಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹಳೆಯ ಸೀರೆಯಿಂದ ಸೊಂಟಕ್ಕೆ ಬಿಗಿದು, ನಾಲ್ವರು ನಾಲ್ಕು ಮೂಲೆ ಹಿಡಿದು ಇಳಿಸುತ್ತಾರೆ.

ಕೆಲವು ಮಳೆಗಾಲಗಳ ಹಿಂದೆ ಅಂಥದೊಂದು ಕುರ್ಚಿಯ ಹಿಂಗಾಲು ನನ್ನ ಪಾಲಿಗೂ ಬಂತು. ಕೂತಿದ್ದವರು ಕುಂದಾಪುರದ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಕಳೆದವರು. ‘ಗ್ಯಾಸ್ ಮಾರಾಯ್ರೆ, ಒಂದು ಸೋಡಾ ಕುಡಿದ್ರೆ ಸರಿ ಆತ್ತ್’ ಎನ್ನುತ್ತಲೇ ಬೆವರಿನಲ್ಲಿ ತೊಯ್ದುಹೋಗಿದ್ದರು. ಆಂಬುಲೆನ್ಸ್ ತಡಮಾಡಿರಲಿಲ್ಲ. ಗಲ್ಲಿಯ ಬಾಯಿಗೆ ಬಂದು ನಿಂತಾಗ ಚಾಲಕ ಕೈಯಲ್ಲಿದ್ದ ಫೋನಿನಲ್ಲಿ ‘ತಲುಪಿದೆ’ ಎಂಬ ಗುಂಡಿ ಒತ್ತಿದ. ಅಲ್ಲಿಂದ ಅದರ ಡಾಕ್ಟರಮ್ಮ ಬ್ಯಾಗ್ ಹೊತ್ತು, ಜಾರುವ ಮೆಟ್ಟಿಲು ಹತ್ತಿ, ತಪ್ಪು ಚಾಳಿಗೆ ಹೋಗಿ, ಯಾರನ್ನೋ ಕೇಳಿ, ನಾವು ಕುರ್ಚಿ ಇಳಿಸುತ್ತಿದ್ದ ಜಾಗಕ್ಕೆ ಬಂದು ಸೇರುವ ಹೊತ್ತಿಗೆ ಇನ್ನೂ ಕಾಲು ಗಂಟೆ ಕಳೆದಿತ್ತು. ಆ ಕಾಲು ಗಂಟೆ ಯಾವ ಲೆಕ್ಕದಲ್ಲೂ ಇಲ್ಲ. ಗಡಿಯಾರ ಗಲ್ಲಿಯ ಬಾಯಲ್ಲೇ ನಿಂತುಬಿಟ್ಟಿತ್ತು.

ಆಂಬುಲೆನ್ಸ್ ಒಳಗೆ ನಾನು ಕಂಡ ಇನ್ನೊಂದು ನೋಟವೂ ಮರೆಯುವಂಥದಲ್ಲ. ಆ ಡಾಕ್ಟರಮ್ಮನ ಬಳಿ ಒಂದು ಫೋನಿತ್ತು, ತುಂಬಬೇಕಾದ ಒಂದು ಫಾರ್ಮಿತ್ತು, ಬೀಪ್ ಎನ್ನುವ ಮಾನಿಟರ್ ಇತ್ತು. ರಕ್ತದೊತ್ತಡ ನೋಡಿದವರೇ ಪೆನ್ನು ತೆಗೆದು ತಮ್ಮ ಎಡಗೈಯ ಗ್ಲೌಸಿನ ಮೇಲೆ ಅಂಕಿ ಬರೆದುಕೊಂಡರು. ಐದು ನಿಮಿಷಕ್ಕೆ ಅದರ ಕೆಳಗೆ ಇನ್ನೊಂದು ಅಂಕಿ. ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ ಆ ಗ್ಲೌಸನ್ನೇ ಮುಂದೆ ಹಿಡಿದು ವರದಿ ಒಪ್ಪಿಸಿದರು. ಅಲ್ಲಿದ್ದ ತರುಣ ವೈದ್ಯರು ಅರ್ಧ ಕೇಳಿಸಿಕೊಂಡು, ಹೊಸ ಕೇಸ್ ಪೇಪರ್ ಎಳೆದು, ‘ಕ್ಯಾ ಹುವಾ?’ ಎಂದು ಮೊದಲಿನಿಂದ ಆರಂಭಿಸಿದರು. ಗ್ಲೌಸು ಕೆಂಪು ಬುಟ್ಟಿಗೆ ಹೋಯಿತು. ಅದರ ಜೊತೆ ಅರ್ಧ ಗಂಟೆಯ ಇತಿಹಾಸವೂ ಹೋಯಿತು.

ಆಂಬುಲೆನ್ಸ್ ಸಿಬ್ಬಂದಿಗೆಂದು ಬಂದಿರುವ ಡಿಜಿಟಲ್ ಸಲಕರಣೆಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಆ ಕುರ್ಚಿ ಮತ್ತು ಆ ಗ್ಲೌಸು ನೆನಪಾಗುತ್ತವೆ. ಮುಂಬಯಿಯಂಥ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ಜಿಪಿಎಸ್, ಕಾಲ್ ಸೆಂಟರ್, ಆ್ಯಪ್ ಎಲ್ಲ ಬಂದಿವೆ. ಅವುಗಳಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೂ ಇವನ್ನು ಯಾರ ಕಣ್ಣಿನಿಂದ ಕಟ್ಟಲಾಗಿದೆ ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿಲ್ಲ. ಇವು ಬಹುಪಾಲು ಗಾಡಿಯನ್ನು ಕಾಯುವವರಿಗಾಗಿ ಹುಟ್ಟಿದವು. ಗಾಡಿಯೊಳಗೆ ರೋಗಿಯ ಪಕ್ಕ ಮಂಡಿಯೂರಿ ಕೂತವರ ಕೈಗೆ ಹೊಂದುವಂತೆ ಮಾಡಿದ್ದು ಕಡಿಮೆ.

ಈ ಊರಿನ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. 2005ಕ್ಕೆ ಮುಂಚೆ ಮುಂಬಯಿಯಲ್ಲಿ ಆಂಬುಲೆನ್ಸ್ ಎಂದರೆ ಆಸ್ಪತ್ರೆಗಳದ್ದು, ಗಣೇಶೋತ್ಸವ ಮಂಡಳಿಗಳದ್ದು, ರಾಜಕೀಯ ಪಕ್ಷಗಳ ಶಾಖೆಗಳದ್ದು. ಒಳಗೊಂದು ಬೆಂಚು, ಮೇಲೊಂದು ಸೈರನ್. ಆ ವರ್ಷ ಕೆಲವು ಗೆಳೆಯರು ಸೇರಿ 1298 ಎಂಬ ಸಂಖ್ಯೆಯ ಸೇವೆ ಆರಂಭಿಸಿದರು. ಮುಂದೆ ಅದು ಜಿಕಿಟ್ಜಾ ಎಂಬ ಕಂಪನಿಯಾಗಿ ಬೆಳೆಯಿತು. ಲಂಡನ್ ಆಂಬುಲೆನ್ಸ್ ಸರ್ವಿಸ್‌ನ ಮಾರ್ಗದರ್ಶನ ಅವರಿಗಿತ್ತು. ಒಂದೇ ನಂಬರು, ಒಂದೇ ಕಂಟ್ರೋಲ್ ರೂಂ, ಪ್ರತಿ ಗಾಡಿ ಎಲ್ಲಿದೆ ಎಂದು ತೋರಿಸುವ ಪರದೆ ಎಲ್ಲ ಆಗ ಹೊಸತು. ಅವರ ಜಾಣತನ ಇದ್ದದ್ದು ದರದಲ್ಲಿ. ರೋಗಿ ಯಾವ ಆಸ್ಪತ್ರೆಗೆ ಹೋಗಬೇಕೆನ್ನುತ್ತಾನೋ ಅದರ ಮೇಲೆ ಬಾಡಿಗೆ. ದೊಡ್ಡ ಖಾಸಗಿ ಆಸ್ಪತ್ರೆ ಎಂದವರಿಗೆ ಪೂರ್ತಿ, ಮುನಿಸಿಪಾಲಿಟಿಯ ಆಸ್ಪತ್ರೆ ಎಂದವರಿಗೆ ಕಡಿಮೆ, ರಸ್ತೆಯಲ್ಲಿ ಬಿದ್ದ ಅನಾಥರಿಗೆ ಪುಕ್ಕಟೆ. ಬಡವನೆಂದು ಸಾಬೀತು ಮಾಡಲು ಯಾರೂ ಕಾಗದ ಕೇಳುತ್ತಿರಲಿಲ್ಲ. 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯ ರಾತ್ರಿ ಗಾಯಾಳುಗಳನ್ನು ಸಾಗಿಸಿದ ಗಾಡಿಗಳಲ್ಲಿ ಅವರವೂ ಇದ್ದವು.

ಸರ್ಕಾರದ ಸೇವೆ ಬಂದದ್ದು ತಡವಾಗಿ. 2014ರ ಜನವರಿ 26ರಂದು ಮಹಾರಾಷ್ಟ್ರದಲ್ಲಿ 108 ಆರಂಭವಾಯಿತು. ಒಟ್ಟು 937 ಆಂಬುಲೆನ್ಸ್‌ಗಳು. ಅವುಗಳಲ್ಲಿ 233 ಹೆಚ್ಚಿನ ಜೀವರಕ್ಷಕ ಸೌಲಭ್ಯದವು, 704 ಮೂಲ ಸೌಲಭ್ಯದವು. ನಮ್ಮ ಕರ್ನಾಟಕ ಇದಕ್ಕಿಂತ ಐದು ವರ್ಷ ಮುಂದಿತ್ತು. ಹೈದರಾಬಾದಿನಲ್ಲಿ ಹುಟ್ಟಿದ ಇಎಂಆರ್‌ಐ ಮಾದರಿಯ ‘ಆರೋಗ್ಯ ಕವಚ’ 2008ರ ನವೆಂಬರ್ 1ರ ರಾಜ್ಯೋತ್ಸವಕ್ಕೇ ಶುರುವಾಗಿತ್ತು. ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಕರ್ನಾಟಕದ ಗಾಡಿಯಲ್ಲಿ ರೋಗಿಯ ಜೊತೆ ಇರುವುದು ತರಬೇತಿ ಪಡೆದ ಇಎಂಟಿ ಎಂಬ ತುರ್ತು ವೈದ್ಯಕೀಯ ತಂತ್ರಜ್ಞ, ಚಾಲಕನಿಗೆ ‘ಪೈಲಟ್’ ಎಂಬ ಗೌರವದ ಹೆಸರು. ಮಹಾರಾಷ್ಟ್ರದವರು ಪ್ರತಿ ಗಾಡಿಯಲ್ಲೂ ಡಾಕ್ಟರರನ್ನೇ ಕೂರಿಸಿದರು, ಹೆಚ್ಚಾಗಿ ಆಯುರ್ವೇದ ಅಥವಾ ಹೋಮಿಯೋಪಥಿ ಓದಿದ ತರುಣರನ್ನು. ಡಾಕ್ಟರೇ ಇರುವಾಗ ಚಿಕಿತ್ಸೆಗೆ ದಾರಿ ತೋರಿಸುವ ಡಿಜಿಟಲ್ ಸಲಕರಣೆ ಯಾಕೆ ಎಂದು ಕೇಳಬಹುದು. ಕಾಲೇಜಿನಲ್ಲಿ ಬೇರೆ ಪದ್ಧತಿ ಓದಿ, ಕೆಲಸಕ್ಕೆ ಸೇರಿದ ಮೇಲೆ ತುರ್ತು ಚಿಕಿತ್ಸೆ ಕಲಿತವರಿಗೇ ಅದು ಹೆಚ್ಚು ಬೇಕು. ಮೂರು ವರ್ಷದ ಮಗುವಿಗೆ ಅಪಸ್ಮಾರ ಬಂದಾಗ ತೂಕ ಅಂದಾಜಿಸಿ ಮದ್ದಿನ ಪ್ರಮಾಣ ಲೆಕ್ಕ ಹಾಕುವುದು, ಅದೂ ಗಾಡಿ ಎಲ್‌ಬಿಎಸ್ ರಸ್ತೆಯ ಹೊಂಡಗಳಲ್ಲಿ ಕುಣಿಯುವಾಗ, ಯಾರ ತಲೆಗೂ ಸುಲಭವಲ್ಲ. ಅಲ್ಲಿ ತೂಕ ಒತ್ತಿದರೆ ಡೋಸ್ ತೋರಿಸುವ ಒಂದು ಪರದೆ ಬಂಗಾರ. ಇಂಗ್ಲೆಂಡಿನ ಪ್ಯಾರಾಮೆಡಿಕ್‌ಗಳ ಜೇಬಿನಲ್ಲಿ ಅವರ ರಾಷ್ಟ್ರೀಯ ಚಿಕಿತ್ಸಾ ಸೂಚಿಯೇ ಆ್ಯಪ್ ಆಗಿ ಕೂತಿದೆ.

ಗಾಡಿ ನೋಡುವ ಕಣ್ಣಿನ ವಿಷಯಕ್ಕೆ ಬರೋಣ. ಮುಂಬಯಿಯಲ್ಲಿ 108 ಒತ್ತಿದರೆ ಫೋನು ಎತ್ತುವುದು ಪುಣೆಯ ಔಂಧ್‌ನಲ್ಲಿರುವ ಕೇಂದ್ರ. ಇಡೀ ರಾಜ್ಯಕ್ಕೆ ಒಂದೇ ಕೇಂದ್ರ ಇಟ್ಟರೆ ಖರ್ಚು ಕಡಿಮೆ, ಹತ್ತಿರದ ಗಾಡಿ ಯಾವುದೆಂದು ನಕ್ಷೆಯೇ ಹೇಳುತ್ತದೆ ಎಂಬುದು ಅದರ ತರ್ಕ. ಗಡ್ಚಿರೋಲಿಗೂ ಗೋವಂಡಿಗೂ ಒಂದೇ ಕಿವಿ. ಗೋವಂಡಿಯ ಶಿವಾಜಿ ನಗರದಲ್ಲಿ ವಿಳಾಸ ಎಂದರೆ ಪ್ಲಾಟ್ ನಂಬರು, ಲೈನ್ ನಂಬರು. ಮಾಲ್ವಣಿಯಲ್ಲಿ ಗೇಟ್ ನಂಬರು. ಬಾಂದ್ರಾದ ಬೆಹ್ರಾಮ್‌ಪಾಡಾದಲ್ಲಿ ಮಸೀದಿಯ ಹಿಂದೆ, ನಲ್ಲಿಯ ಪಕ್ಕ, ಮೂರನೇ ಏಣಿ. ಇವನ್ನು ಕೇಳಿ ಅರ್ಥಮಾಡಿಕೊಳ್ಳಲು ಆ ಗಲ್ಲಿಯಲ್ಲಿ ಒಮ್ಮೆ ನಡೆದಿರಬೇಕು. ಪುಣೆಯಲ್ಲಿ ಕೂತ ಹುಡುಗಿಯ ತಪ್ಪು ಏನೂ ಇಲ್ಲ. ಅವಳ ಪರದೆಯ ಮೇಲಿನ ವಿಳಾಸದ ಡಬ್ಬಿಯಲ್ಲಿ ‘ಏಣಿ’ ಎಂಬುದಕ್ಕೆ ಜಾಗವಿಲ್ಲ, ಅಷ್ಟೇ.

ಈ ಕೊರತೆಯನ್ನು ತುಂಬಲು ಬಂದಿರುವ ಹೊಸ ಉಪಾಯ ಅಂಚೆ ಇಲಾಖೆಯ ಡಿಜಿಪಿನ್. 2025ರ ಮೇ ತಿಂಗಳಲ್ಲಿ ಹೊರಬಂದ ಇದು ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಹತ್ತು ಅಕ್ಷರದ ಸಂಕೇತ ಕೊಟ್ಟಿದೆ. ಗುಡಿಸಲಿಗೂ ಬಂಗಲೆಗೂ ಒಂದೇ ಘನತೆಯ ವಿಳಾಸ. ಕಲ್ಪನೆ ಚೆನ್ನಾಗಿದೆ. ಆದರೆ ಚೌಕಕ್ಕೆ ಎತ್ತರವಿಲ್ಲ. ಕೊಳೆಗೇರಿ ಪುನರ್ವಸತಿಯ ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ಅದೇ ಚೌಕದ ಮೇಲೆ ಇಪ್ಪತ್ತು ಸಂಸಾರಗಳು ಒಂದರ ಮೇಲೊಂದು ಕೂತಿರುತ್ತವೆ, ಲಿಫ್ಟು ಕೆಟ್ಟಿರುತ್ತದೆ. ಕೆನಡಾದ ಟೊರಾಂಟೊ ಪ್ರದೇಶದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಹೃದಯ ನಿಂತವರಲ್ಲಿ, ಮೂರನೇ ಮಹಡಿಗಿಂತ ಕೆಳಗಿದ್ದವರು ಬದುಕಿ ಮನೆಗೆ ಮರಳಿದ್ದು ಶೇ 4.2, ಮೂರು ಮತ್ತು ಅದಕ್ಕಿಂತ ಮೇಲಿದ್ದವರಲ್ಲಿ ಶೇ 2.6, ಹದಿನಾರನೇ ಮಹಡಿ ದಾಟಿದರೆ ಶೇ 1 ಕೂಡ ಇಲ್ಲ. ಲಿಫ್ಟು ಸರಿಯಾಗಿ ಓಡುವ ಊರಿನ ಲೆಕ್ಕ ಇದು. ಆಕಾಶಕ್ಕೆ ಬೆಳೆಯುತ್ತಿರುವ ಮುಂಬಯಿಯಲ್ಲಿ ಗಾಡಿ ಗೇಟಿಗೆ ಬಂದ ಕ್ಷಣವನ್ನೇ ‘ತಲುಪಿದ ಸಮಯ’ ಎಂದು ಬರೆದುಕೊಳ್ಳುವ ತಂತ್ರಾಂಶ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ‘ರೋಗಿಯ ಪಕ್ಕದಲ್ಲಿದ್ದೇನೆ’ ಎಂಬ ಇನ್ನೊಂದು ಗುಂಡಿ ಸೇರಿಸುವುದಕ್ಕೆ ಕೋಟಿ ರೂಪಾಯಿ ಬೇಡ. ಅದನ್ನು ಸೇರಿಸಿದರೆ ಗುತ್ತಿಗೆಯ ವರದಿಯಲ್ಲಿ ಸರಾಸರಿ ನಿಮಿಷ ಏರುತ್ತದೆ, ಅದೇ ತೊಡಕು.

ರೈಲಿನ ಹಳಿಯ ಮೇಲೆ ಈ ವಿಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಮುಂಬಯಿ ಉಪನಗರ ರೈಲುಮಾರ್ಗಗಳಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಹಳಿ ದಾಟುವಾಗ, ಬಾಗಿಲಿನಿಂದ ಜಾರಿ. ರೈಲು ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡ ಸಮೀರ್ ಜವೇರಿ ಬಾಂಬೆ ಹೈಕೋರ್ಟಿನ ಬಾಗಿಲು ತಟ್ಟಿ ತಟ್ಟಿ, ನಿಲ್ದಾಣಗಳಲ್ಲಿ ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ಕೋಣೆ ಬರುವಂತೆ ಮಾಡಿದರು. ಹಳಿಯ ಮೇಲೆ ಬಿದ್ದವನ ವಿಳಾಸ ಏನು? ರೈಲ್ವೆಯವರಿಗೆ ಅದು ಸಮಸ್ಯೆಯೇ ಅಲ್ಲ. ಪ್ರತಿ ವಿದ್ಯುತ್ ಕಂಬಕ್ಕೂ ಕಿಲೋಮೀಟರ್ ಮತ್ತು ಕ್ರಮಸಂಖ್ಯೆ ಬರೆದಿದೆ. ಮೋಟರ್‌ಮ್ಯಾನ್ ಕಂಬದ ನಂಬರು ಹೇಳುತ್ತಾನೆ, ಸ್ಟೇಷನ್ ಮಾಸ್ತರರು ಮೆಮೊ ಬರೆಯುತ್ತಾರೆ, ಹಮಾಲರು ಸ್ಟ್ರೆಚರ್ ಹೊತ್ತು ಹಳಿಗುಂಟ ನಡೆಯುತ್ತಾರೆ. ಬಿಳಿ ಬಣ್ಣದಲ್ಲಿ ಬರೆದ ಆ ಅಂಕಿಗಿಂತ ಖಚಿತವಾದ ಜಿಪಿಎಸ್ ಇಲ್ಲ. ಆದರೆ ರಸ್ತೆಯ ಮೇಲಿರುವ ಆಂಬುಲೆನ್ಸ್‌ನ ಸಾಮಾನ್ಯ ನಕ್ಷೆಗೆ ಆ ಕಂಬ ಗೊತ್ತಿಲ್ಲ. ಆ ಕಂಬಕ್ಕೆ ಪೂರ್ವದ ಗೋಡೆ ಒಡೆದ ಜಾಗದಿಂದ ಹೋಗಬೇಕೋ ಪಶ್ಚಿಮದ ಗೇಟಿನಿಂದಲೋ ಎಂದು ಅದು ಹೇಳಲಾರದು. ಎರಡು ಇಲಾಖೆಗಳ ಎರಡು ಪಟ್ಟಿಗಳನ್ನು ಒಂದು ಮಾಡಿದರೆ ಆಗುವ ಕೆಲಸ. ಕೃತಕ ಬುದ್ಧಿಮತ್ತೆಯ ಮಾತಾಡುವ ಕಾಲದಲ್ಲಿ ಇಂಥ ಸಾದಾ ಕೆಲಸಗಳಿಗೆ ಯಾರಿಗೂ ಉತ್ಸಾಹವಿಲ್ಲ.

ಇನ್ನು ಭಾಷೆ. ಕರೆ ಎತ್ತಿದವರ ಪರದೆಯ ಮೇಲೆ ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದ್ದು, ಅಪಘಾತ, ಹೆರಿಗೆ ಎಂಬ ಕೋಣೆಗಳಿರುತ್ತವೆ. ಯಾವ ಕೋಣೆ ಒತ್ತುತ್ತಾರೋ ಅದರಂತೆ ಯಾವ ಬಗೆಯ ಗಾಡಿ ಎಂದು ತೀರ್ಮಾನ. ನಮ್ಮ ಜನ ಯಾವಾಗ ‘ಎದೆನೋವು’ ಎಂದಿದ್ದಾರೆ? ‘ಗ್ಯಾಸ್ ಆಗಿದೆ’, ‘ಎದೆ ಕಟ್ಟಿದ ಹಾಗೆ ಆಗ್ತದೆ’, ‘ಜೀವ ಒಂಥರಾ ಹೊಯ್ದಾಡ್ತದೆ’, ‘ರಟ್ಟೆ ಸೆಳೀತದೆ’ ಎನ್ನುತ್ತಾರೆ. ತುಳುವರು ‘ತಿಗಲೆ ಬೇನೆ’ ಎಂದಾರು. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿಯ ಹೆಣ್ಣುಮಗಳು ಗಂಡನ ಸ್ಥಿತಿಯನ್ನು ಅರೆಬರೆ ಹಿಂದಿಯಲ್ಲಿ ಹೇಳುವಾಗ ಆ ನೋವು ‘ಪೇಟ್ ಮೇ ದರ್ದ್’ ಆಗಿ ಇನ್ನೊಂದು ಕೋಣೆಗೆ ಬೀಳಬಹುದು. ಮುಂಬಯಿಗೆ ಬರುವ ಪ್ರತಿಯೊಬ್ಬ ವಲಸಿಗನಿಗೂ ಅವನವನ ‘ಗ್ಯಾಸ್’ ಇದೆ; ಭೋಜಪುರಿಯದ್ದು, ತಮಿಳಿನದ್ದು, ಕೊಂಕಣಿಯದ್ದು. ಈ ಮಾತುಗಳ ಪಟ್ಟಿಯನ್ನು ಕೂಡಿಸಿ ಕರೆ ಸ್ವೀಕರಿಸುವವರ ಮುಂದೆ ಇಡುವುದು ಸಣ್ಣ ಕೆಲಸ, ಆದರೆ ಗಾಡಿಯ ಬಗೆಯನ್ನೇ ಬದಲಿಸುವ ಕೆಲಸ.

ಯಂತ್ರವೇ ಕೇಳಿ ಗುರುತಿಸಲಿ ಎನ್ನುವವರೂ ಇದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಅದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದರು. ಕರೆಯನ್ನು ಕೇಳುತ್ತಲೇ ‘ಹೃದಯ ನಿಂತಿರಬಹುದು’ ಎಂದು ಎಚ್ಚರಿಸುವ ತಂತ್ರಾಂಶ. 2021ರಲ್ಲಿ ಬಂದ ಫಲಿತಾಂಶ ಓದುವಂಥದು. ಯಂತ್ರ ಮನುಷ್ಯರಿಗಿಂತ ಹೆಚ್ಚು ಪ್ರಕರಣಗಳನ್ನು ಹಿಡಿಯಿತು. ಆದರೆ ಅದು ಎಚ್ಚರಿಸಿದ ಸಿಬ್ಬಂದಿ, ಎಚ್ಚರಿಸದವರಿಗಿಂತ ಗಮನಾರ್ಹವಾಗಿ ಮೇಲಾಗಲಿಲ್ಲ. ಸಲಕರಣೆ ಸರಿಯಿದ್ದರೆ ಸಾಲದು. ಅದರ ಮಾತನ್ನು ನಂಬಿ ಕೈ ಮುಂದಾಗಬೇಕು, ಆ ನಂಬಿಕೆ ತರಬೇತಿಯಿಂದ ಬರುತ್ತದೆ.

ಸಿಬ್ಬಂದಿಯನ್ನು ಬಿಟ್ಟು ಕಟ್ಟಿದ ವ್ಯವಸ್ಥೆ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಲಂಡನ್ನಿನದೇ ಪಾಠವಿದೆ, 1298ಕ್ಕೆ ಗುರುವಾದ ಅದೇ ಸೇವೆಯದು. 1992ರ ಅಕ್ಟೋಬರ್ 26ರಂದು ಅವರು ಕಾಗದದ ಚೀಟಿಗಳನ್ನು ಬಿಟ್ಟು, ಗಾಡಿಗಳನ್ನು ತಾನೇ ಹಂಚುವ ಗಣಕವ್ಯವಸ್ಥೆಗೆ ಹೋದರು. ಪ್ರತಿ ಗಾಡಿ ಎಲ್ಲಿದೆ, ಏನು ಮಾಡುತ್ತಿದೆ ಎಂಬುದು ಕ್ಷಣಕ್ಷಣವೂ ತಪ್ಪಿಲ್ಲದೆ ಗೊತ್ತಿರುತ್ತದೆ ಎಂದು ನಂಬಿದ ವ್ಯವಸ್ಥೆ ಅದು. ಅವಸರದಲ್ಲಿದ್ದ ಸಿಬ್ಬಂದಿ ಗುಂಡಿಗಳನ್ನು ಹಿಂದುಮುಂದಾಗಿ ಒತ್ತಿದರು, ರೇಡಿಯೊ ಸಿಗದ ಜಾಗಗಳಿದ್ದವು. ಗಣಕಕ್ಕೆ ಗಾಡಿಗಳು ಕಾಣೆಯಾದವು. ಒಂದೇ ಕರೆಗೆ ಎರಡು ಗಾಡಿ ಹೋದವು, ಇನ್ನೊಂದಕ್ಕೆ ಒಂದೂ ಇಲ್ಲ. ಕಾಯುವ ಜನ ಮತ್ತೆ ಮತ್ತೆ ಕರೆ ಮಾಡಿ ಸಾಲು ಬೆಳೆಯಿತು. ಮರುದಿನವೇ ಅರ್ಧ ಕೈಕೆಲಸಕ್ಕೆ ಮರಳಿದರು. ನವೆಂಬರ್ 4ರಂದು ಪೂರ್ತಿ ನಿಂತುಹೋಯಿತು. ಮುಂದೆ ನಡೆದ ತನಿಖೆ ಬೆರಳು ತೋರಿಸಿದ್ದು ಅವಸರದ ಕಡೆಗೆ, ಅರೆಬರೆ ಪರೀಕ್ಷೆಯ ಕಡೆಗೆ, ಬಳಸುವವರ ವಿಶ್ವಾಸ ಗಳಿಸದೆ ಹೊರಟದ್ದರ ಕಡೆಗೆ.

ನಾವು ಅದನ್ನು ಓದಿಕೊಂಡಿದ್ದೇವೆಯೇ? 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ 108 ಕೇಂದ್ರದ ಗಣಕಗಳು ಕೆಟ್ಟಾಗ ಕರ್ನಾಟಕದುದ್ದಕ್ಕೂ ಜನ ನಂಬರು ಒತ್ತಿ ಒತ್ತಿ ಸೋತರು. ಸಿಬ್ಬಂದಿ ಕೈಯಲ್ಲಿ ಬರೆದುಕೊಂಡು, ಗಾಡಿಯವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ನಿಭಾಯಿಸಿದರು. ಎಲ್ಲವೂ ಒಂದು ಕೋಣೆಯ ಮೂಲಕವೇ ಹಾಯುವಾಗ ಆ ಕೋಣೆಯ ಬಾಗಿಲು ಮುಚ್ಚಿದರೆ ರಾಜ್ಯವೇ ಮುಚ್ಚಿದ ಹಾಗೆ. ಮುಂಬಯಿಗಂತೂ ಈ ಪಾಠ ರಕ್ತದಲ್ಲಿ ಬರೆದದ್ದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಫೋನು ಸಂಪರ್ಕ ಕಡಿದುಹೋಯಿತು. ಮರುವರ್ಷ ಜುಲೈ 11ರಂದು ಪಶ್ಚಿಮ ರೈಲುಮಾರ್ಗದಲ್ಲಿ ಹನ್ನೊಂದು ನಿಮಿಷದೊಳಗೆ ಏಳು ಬಾಂಬು ಸಿಡಿದಾಗ ಮೊಬೈಲುಗಳು ಮೂಕವಾದವು. ಹಳಿಯ ಪಕ್ಕದ ಜೋಪಡಿಗಳವರು ಮನೆಯ ಚಾದರಗಳನ್ನೇ ಸ್ಟ್ರೆಚರ್ ಮಾಡಿ ಗಾಯಾಳುಗಳನ್ನು ಹೊತ್ತರು. ಈ ಊರಿಗಾಗಿ ಮಾಡುವ ಯಾವ ಸಲಕರಣೆಯೂ ನೆಟ್‌ವರ್ಕ್ ಸತ್ತ ದಿನ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಮೊದಲು ಉತ್ತರಿಸಬೇಕು.

ಹಾಗೆಂದು ಕೆಟ್ಟದ್ದನ್ನೇ ಎತ್ತಿ ಆಡಿದರೆ ವಿಮರ್ಶೆ ಒಂಟಿಗಾಲಿನದಾಗುತ್ತದೆ. ಚೆನ್ನಾಗಿ ನಡೆದದ್ದೂ ಇಲ್ಲೇ ಇದೆ. ಕೊರೋನಾದ ಮೊದಲ ತಿಂಗಳುಗಳಲ್ಲಿ ಮುಂಬಯಿಯ ಹಾಸಿಗೆ ಹಂಚಿಕೆ ಒಂದೇ ಸಹಾಯವಾಣಿಯಲ್ಲಿ ಸಿಕ್ಕಿ ಒದ್ದಾಡುತ್ತಿತ್ತು. 2020ರ ಜೂನ್‌ನಲ್ಲಿ ಮಹಾನಗರ ಪಾಲಿಕೆ ಅದನ್ನು ಒಡೆದು 24 ವಾರ್ಡುಗಳಲ್ಲಿ 24 ‘ವಾರ್ ರೂಂ’ ಮಾಡಿತು. ಅಲ್ಲಿದ್ದ ತಂತ್ರಜ್ಞಾನ ಬೆರಗು ಹುಟ್ಟಿಸುವಂಥದಲ್ಲ: ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂದು ತೋರಿಸುವ ಒಂದು ಪರದೆ, ಕೆಲವು ಫೋನು, ಕೈಕೆಳಗೆ ಕೆಲವು ಗಾಡಿ. ಆದರೆ ಫೋನು ಎತ್ತಿದವರಿಗೆ ಆ ವಾರ್ಡಿನ ಗಲ್ಲಿ ಗೊತ್ತಿತ್ತು. ಪರದೆ ದೊಡ್ಡ ಚಿತ್ರ ಕೊಟ್ಟಿತು, ಮನುಷ್ಯ ಸಣ್ಣ ದಾರಿ ಹೇಳಿದ. ಆ ಏರ್ಪಾಟನ್ನು ಸಾಂಕ್ರಾಮಿಕದ ಜೊತೆಗೇ ಕಟ್ಟಿಡದೆ 108ರ ಕರೆಗೂ ಮುಂದುವರಿಸಬಹುದಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ಬೈಕ್ ಆಂಬುಲೆನ್ಸ್ ಇನ್ನೊಂದು. ಕರ್ನಾಟಕ 2015ರ ಏಪ್ರಿಲ್‌ನಲ್ಲಿ 30 ಬೈಕುಗಳನ್ನು ಇಳಿಸಿತು. ಮುಂಬಯಿಗೆ 2017ರ ಆಗಸ್ಟ್‌ನಲ್ಲಿ ಹತ್ತು ಬಂದವು; ಧಾರಾವಿ, ಮಾನ್‌ಖುರ್ದ್, ಭಾಂಡುಪ್‌ನಂಥ ಇಕ್ಕಟ್ಟಿನ ಜಾಗಗಳಿಗೆ. ರೋಗಿಯನ್ನು ಒಯ್ಯಲಾಗದು, ಆದರೆ ಆಮ್ಲಜನಕ, ಮದ್ದು, ತಿಳಿದ ಕೈ ಗಲ್ಲಿಯೊಳಗೆ ನುಗ್ಗುತ್ತವೆ. ನಾನು ಹೇಳಿದ ಆ ಕಳೆದುಹೋದ ಕಾಲು ಗಂಟೆಗೆ ನಿಜವಾದ ಉತ್ತರ ಕೊಟ್ಟದ್ದು ತಂತ್ರಾಂಶ ಅಲ್ಲ, ಎರಡು ಗಾಲಿ. ಕೋಟಿಗಟ್ಟಲೆ ಜನರ ಊರಿಗೆ ಹತ್ತು ಎಂಬುದು ಮಾತ್ರ ತಮಾಷೆಯ ಸಂಖ್ಯೆ.

ಮೂರನೆಯದು ಇಸಿಜಿ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ಡಿಜಿಟಲ್ ಕೆಲಸ ನಡೆದಿರುವುದು ಇಲ್ಲಿ, ಅದೂ ಕರ್ನಾಟಕದಲ್ಲಿ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯಜ್ಯೋತಿ’ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕ್ಷಣದಲ್ಲಿ ಪರಿಣತರಿಗೆ ಹೋಗುತ್ತದೆ, ನಿಮಿಷಗಳಲ್ಲಿ ಉತ್ತರ ಬರುತ್ತದೆ. ಹೃದಯದ ರಕ್ತನಾಳ ಕಟ್ಟಿದೆ ಎಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇದು ಯಾಕೆ ಚೆನ್ನಾಗಿದೆ ಎಂದು ನೋಡಿ. ಕೆಳಗಿನವನು ಒಂದು ಪ್ರಶ್ನೆ ಕೇಳುತ್ತಾನೆ, ಮೇಲಿನವನು ಒಂದು ಉತ್ತರ ಕೊಡುತ್ತಾನೆ, ಉತ್ತರ ಬಂದ ಕೂಡಲೇ ಮಾಡಬಹುದಾದ ಒಂದು ಕೆಲಸ ಕೈಯಲ್ಲೇ ಇದೆ. ಸಲಕರಣೆ ಸಿಬ್ಬಂದಿಯಿಂದ ಮಾಹಿತಿ ಕಿತ್ತುಕೊಳ್ಳುವುದರ ಜೊತೆ ಅವರಿಗೆ ಏನನ್ನಾದರೂ ಕೊಡುತ್ತದೆ. ಇದೇ ಸರಪಳಿ ಆಂಬುಲೆನ್ಸ್ ಒಳಗೆ ಬಂದರೆ, ಭಾಂಡುಪ್‌ನಿಂದ ಹೊರಟ ಗಾಡಿಯ ಇಸಿಜಿ ಸಾಯನ್ ಅಥವಾ ಕೆಇಎಂ ಆಸ್ಪತ್ರೆಯ ಪರದೆಗೆ ರೋಗಿಗಿಂತ ಮುಂಚೆ ತಲುಪಿದರೆ, ‘ಕ್ಯಾ ಹುವಾ?’ ಎಂದು ಮೊದಲಿನಿಂದ ಕೇಳುವ ಅಗತ್ಯ ಬೀಳದು.

ಉಳಿದ ಬಹುಪಾಲು ಸಲಕರಣೆಗಳು ಕೇಳುವ ಬಾಯಿಗಳು ಮಾತ್ರ. ಹೊರಟೆಯಾ, ತಲುಪಿದೆಯಾ, ರೋಗಿಯ ಆಧಾರ್ ಇದೆಯಾ, ಕಿಲೋಮೀಟರ್ ಎಷ್ಟು, ಫೋಟೊ ಹಾಕು. ಕೇಳುವುದರಲ್ಲಿ ತಪ್ಪೇನಿಲ್ಲ, ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು. ಆದರೆ ಲೆಕ್ಕ ಕೇಳುವ ಜಿಪಿಎಸ್ ಒಂದು ನಿಮಿಷವೂ ತಪ್ಪದೆ ಓಡುವಾಗ ಸಂಬಳ ತಿಂಗಳುಗಟ್ಟಲೆ ತಪ್ಪಿದರೆ ಆ ಪರದೆಯನ್ನು ಯಾರು ಪ್ರೀತಿಸುತ್ತಾರೆ? ಕರ್ನಾಟಕದಲ್ಲಿ 108ರ ಸಿಬ್ಬಂದಿ ಬಾಕಿ ಸಂಬಳಕ್ಕಾಗಿ ಮುಷ್ಕರದ ಮಾತೆತ್ತಿದ್ದು ಒಂದೆರಡು ಸಲವಲ್ಲ. ತನ್ನನ್ನು ಕಾಯುವ ಸಲಕರಣೆ ಎಂದು ಅನಿಸಿದ ಮೇಲೆ ಮನುಷ್ಯ ಅದಕ್ಕೆ ಬೇಕಾದ್ದನ್ನು ಒತ್ತುತ್ತಾನೆ, ನಡೆದದ್ದನ್ನಲ್ಲ.

ಆಂಬುಲೆನ್ಸ್ ಸಿಬ್ಬಂದಿಗೆ ಎಂದೂ ಸಿಗದ ಒಂದು ಮಾಹಿತಿಯೂ ಇದೆ. ತಾವು ತಂದ ರೋಗಿ ಬದುಕಿದರೇ? ಕ್ಯಾಶುವಲ್ಟಿಯ ಬಾಗಿಲಲ್ಲಿ ಸ್ಟ್ರೆಚರ್ ಬಿಟ್ಟ ಮೇಲೆ ಕತೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಕರೆ ಬಂದಿರುತ್ತದೆ. ತಾನು ಮಾಡಿದ್ದು ಸರಿಯೇ ತಪ್ಪೇ ಎಂದು ತಿಳಿಯದೆ ವರ್ಷಗಟ್ಟಲೆ ಕೆಲಸ ಮಾಡುವ ವೈದ್ಯರು ಬೇರೆಲ್ಲೂ ಇರಲಾರರು. ವಾರಕ್ಕೊಮ್ಮೆ ಅವರ ಫೋನಿಗೆ ‘ಮಂಗಳವಾರ ನೀವು ತಂದವರ ರೋಗನಿರ್ಣಯ ಇದು, ಮನೆಗೆ ಹೋದರು’ ಎಂದೋ ‘ಉಳಿಯಲಿಲ್ಲ’ ಎಂದೋ, ಹೆಸರಿಲ್ಲದೆ, ಒಂದು ಸಾಲು ಬಂದರೆ ಯಾವ ತರಬೇತಿಯೂ ಕಲಿಸದ್ದನ್ನು ಅದು ಕಲಿಸೀತು. ಎರಡು ದಾಖಲೆಗಳಿಗೆ ಗಂಟು ಹಾಕಿದರೆ ಮುಗಿಯಿತು. ಆ ಗಂಟು ಹಾಕುವ ಇಚ್ಛೆಯೇ ಇಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಗಾಡಿ ಹುಡುಕಿ ಕಳಿಸುವ ಕೆಲಸದಲ್ಲಿ ಈ ವ್ಯವಸ್ಥೆ ಪಾಸು. ಗಾಡಿಯಿಂದ ಇಳಿದು ರೋಗಿಯನ್ನು ಮುಟ್ಟುವ ನಡುವೆ, ರೋಗಿಯ ಪಕ್ಕ ಕೂತ ಹೊತ್ತಿನಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಈ ಮೂರು ಕಡೆ ಫೇಲು. ಮುಂದೆ ಟೆಂಡರ್ ಬರೆಯುವವರು ಪರೀಕ್ಷೆಯನ್ನು ಸಭಾಂಗಣದಲ್ಲಿ ಮಾಡದಿರಲಿ. ಗ್ಲೌಸು ಹಾಕಿದ ಹೆಬ್ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ, ನೆಟ್‌ವರ್ಕ್ ಇಲ್ಲದ ಲಿಫ್ಟಿನಲ್ಲಿ ಬರೆದದ್ದು ಉಳಿಯುತ್ತದೆಯೇ, ಬರೆದದ್ದನ್ನು ಕ್ಯಾಶುವಲ್ಟಿಯಲ್ಲಿ ಯಾರಾದರೂ ಓದುತ್ತಾರೆಯೇ ಎಂದು ಜುಲೈ ತಿಂಗಳ ಒಂದು ರಾತ್ರಿ ಭಾಂಡುಪ್ ಗುಡ್ಡದಲ್ಲಿ ನೋಡಲಿ. ಗಲ್ಲಿ ಹತ್ತುವವರನ್ನು ಜೊತೆಗೆ ಕೂರಿಸಿಕೊಂಡು ನೋಡಲಿ.

ಅದೆಲ್ಲ ಆಗುವವರೆಗೆ ಓದುಗರಲ್ಲಿ ಒಂದು ಮಾತು. ಆಂಬುಲೆನ್ಸ್‌ಗೆ ಫೋನು ಮಾಡಿದ ಕೂಡಲೇ ಮನೆಯಿಂದ ಒಬ್ಬರನ್ನು ಗಲ್ಲಿಯ ಬಾಯಿಗೆ ಓಡಿಸಿ, ಕೈಯಲ್ಲಿ ಟಾರ್ಚ್ ಕೊಟ್ಟು. ಕಟ್ಟಡದವರಾದರೆ ವಾಚ್‌ಮನ್‌ಗೆ ಹೇಳಿ ಲಿಫ್ಟನ್ನು ಕೆಳಗೆ ಹಿಡಿದಿಡಿಸಿ. ‘ಗ್ಯಾಸ್’ ಎಂದು ಮಾತ್ರ ಹೇಳಬೇಡಿ. ಬೆವರುತ್ತಿದ್ದಾರೆಯೇ, ಎಡಗೈ ಸೆಳೆಯುತ್ತಿದೆಯೇ ಎಂದೂ ಹೇಳಿ. ಮತ್ತೆ, ಗಟ್ಟಿ ಕಾಲಿನ ಒಂದು ಪ್ಲಾಸ್ಟಿಕ್ ಕುರ್ಚಿ ಮನೆಯಲ್ಲಿರಲಿ.